ಕುಮಾರ ಪರ್ವತ: ಹತ್ತಿದ್ದಾಯಿತು, ಈಗ ಇಳಿಯೋಣ

ತುದಿಯ ಶಾಟ್‌ಗಳು ಇಷ್ಟೇ. 1712 ಮೀಟರ್ ಎತ್ತರ, ಸುತ್ತ ಬರೀ ಮಂಜು. ಪರವಾಗಿಲ್ಲ, ಈ ವಿಡಿಯೋ ಮಾಡಿದ್ದೇ ಇಳಿಯುವುದನ್ನು ತೋರಿಸಲು. ಕುಕ್ಕೆಯಿಂದ ಇಲ್ಲಿಗೆ 1500 ಮೀಟರ್‌ಗಿಂತ ಜಾಸ್ತಿ ಏರು. ಅಷ್ಟನ್ನೂ ದಣಿದ ಕಾಲಲ್ಲಿ ವಾಪಸ್ ಇಳಿಯಬೇಕು.

ಇದು ತುದಿಯ ಕೆಳಗಿನ ಹಾಸುಬಂಡೆ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಇಳಿಯುತ್ತಿದ್ದೇವೆ, ನೋಡಿ. ಒಂದು ಕೈ ಅಥವಾ ಒಂದು ಕಾಲು ಮಾತ್ರ ಎತ್ತುವುದು, ಉಳಿದ ಮೂರೂ ಊರಿಕೊಂಡೇ ಇರಬೇಕು. ಪಕ್ಕದಲ್ಲಿ ಕೆಲವರು ಕೂತು ಜಾರುತ್ತಿದ್ದಾರಲ್ಲ, ಹಾಗೆ ಮಾಡಬೇಡಿ. ಕೂತರೆ ಕಾಲಿನ ಮೇಲೆ ಭಾರ ಬೀಳುವುದಿಲ್ಲ, ಶೂ ಬಂಡೆಯನ್ನು ಹಿಡಿಯುವುದಿಲ್ಲ. ಒಮ್ಮೆ ಜಾರಿದರೆ ನಿಲ್ಲಿಸುವುದು ಕಷ್ಟ.

ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು), ಶೇಷ ಪರ್ವತ ದಾಟಿದೆವು. ಕಲ್ಲು ಮಂಟಪಕ್ಕೆ ಇಳಿಯುವ ಇದೇ ಬೋಳುಗುಡ್ಡದಲ್ಲಿ ನನ್ನ ಗೆಳೆಯನ ಶೂ ಸೋಲ್ ಪೂರ್ತಿ ಕಳಚಿಕೊಂಡಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಆರೇಳು ಸಾವಿರದ ಶೂ. ಒಂದೆರಡು ಸಲ ಹಾಕಿ, ವರ್ಷಗಟ್ಟಲೆ ಮಂಗಳೂರಿನ ಮನೆಯ ಅಟ್ಟದ ಮೇಲೆ ಇಟ್ಟಿದ್ದ. ನೋಡಲು ಹೊಸದರಂತೆಯೇ ಇತ್ತು. ಆದರೆ ಹೊರಗಿನ ರಬ್ಬರ್ ಮತ್ತು ಶೂ ನಡುವೆ ಮೆತ್ತನೆಯ ಪದರ ಇರುತ್ತದೆ. ಎಷ್ಟೋ ಶೂಗಳಲ್ಲಿ ಅದು ಪಾಲಿಯುರೆಥೇನ್, ಒಂದು ಬಗೆಯ ಪ್ಲಾಸ್ಟಿಕ್ ಫೋಮ್. ಗಾಳಿಯ ತೇವಕ್ಕೆ ಅದು ಒಳಗೊಳಗೇ ಹಾಳಾಗುತ್ತದೆ, ಹಾಕದೆ ಇಟ್ಟರೂ ಬಿಡುವುದಿಲ್ಲ. ಕೈಯಲ್ಲಿ ತಿಕ್ಕಿದರೆ ಪುಡಿ ಪುಡಿ! ಕರಾವಳಿ, ಮಲೆನಾಡಿನವರು ಇದನ್ನು ನೆನಪಿಟ್ಟುಕೊಳ್ಳಿ. ಹೊರಡುವ ಒಂದು ವಾರ ಮೊದಲೇ ಶೂ ಬಗ್ಗಿಸಿ ನೋಡಿ, ಪಕ್ಕದ ಪದರವನ್ನು ಹೆಬ್ಬೆರಳಿಂದ ಒತ್ತಿ, ಬಿರುಕಿದೆಯೇ ನೋಡಿ. ಹಾಕಿಕೊಂಡು ಒಂದು ಗಂಟೆ ರಸ್ತೆಯಲ್ಲಿ ನಡೆಯಿರಿ. ನಾವು ಟೇಪ್ ಸುತ್ತಿ, ಮೇಲೆ ಹಗ್ಗ ಬಿಗಿದೆವು. ಆ ಟೇಪ್ ಸವೆದು ಹೋಗಿ ಮತ್ತೆ ಸುತ್ತಬೇಕಾಯಿತು. ಅರ್ಧ ದಿನದ ಇಳಿಜಾರು ಹೀಗೇ ಸಾಗಿತು. ಬ್ಯಾಗಲ್ಲಿ ಟೇಪ್ ಇರಲಿ, ತೂಕ ಏನೂ ಅಲ್ಲ.

ಹಾಂ, ಈ ಗರಸು ನೋಡಿ. ಕಲ್ಲುಹಾಸಿನ ಮೇಲೆ ರಾಗಿ ಚೆಲ್ಲಿ ನಡೆದ ಹಾಗಿರುತ್ತದೆ. ಕಿಲಿಮಂಜಾರೋ ವಿಡಿಯೋಗಳಲ್ಲಿ ಹಿಮ್ಮಡಿ ಊರಿ ದಡದಡ ಇಳಿಯುತ್ತಾರಲ್ಲ, ಅಲ್ಲಿ ಗರಸಿಗೆ ಆಳವಿದೆ, ಹಿಮ್ಮಡಿ ಹೂತು ನಿಲ್ಲುತ್ತದೆ. ಇಲ್ಲಿ ತೆಳ್ಳಗಿನ ಪದರ, ಕೆಳಗೇ ಗಟ್ಟಿ ಬಂಡೆ. ಹಿಮ್ಮಡಿ ಊರಿದಿರೋ, ಬಿದ್ದಿರಿ. ಪೂರ್ತಿ ಪಾದ ಇಡಿ, ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ಗರಸು ಬಿಟ್ಟು ಬರಿಯ ಬಂಡೆ ಅಥವಾ ಹುಲ್ಲಿನ ಬುಡ ಹುಡುಕಿ. ಟ್ರೆಕ್ಕಿಂಗ್ ಕೋಲು ಸುಮ್ನೆ ಖರ್ಚು ಅಂತ ಬೆಳಗ್ಗೆ ಹೇಳಿದ್ದೆ. ಈಗ ಹೇಳುತ್ತೇನೆ, ಎರಡು ತಗೊಳ್ಳಿ, ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ. ಹಾಸುಬಂಡೆಯಲ್ಲಿ ಮಾತ್ರ ಬ್ಯಾಗಿಗೆ ಕಟ್ಟಿಬಿಡಿ.

ಈ ಕೂಗು ಕೇಳಿಸಿತಾ? ಮೇಲಿನಿಂದ ಕಲ್ಲು ಉರುಳಿತು. ಓಡುತ್ತಾ ಇಳಿಯುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ, ಕೆಳಗಿರುವವರ ತಲೆಗೆ ಅಪಾಯ ಅಲ್ವಾ? ಬಯಲು ಇಳಿಜಾರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬೇಡಿ, ಓರೆಯಾಗಿ ಹರಡಿಕೊಳ್ಳಿ. ಇಕ್ಕಟ್ಟಾದ ಕೊರಕಲಿನಲ್ಲಿ ಹಾಗೆ ಹರಡಲು ಆಗುವುದಿಲ್ಲ. ಅಲ್ಲಿ ಒತ್ತೊತ್ತಾಗಿ ಇಳಿಯಿರಿ, ಉರುಳಿದ ಕಲ್ಲು ವೇಗ ಹಿಡಿಯುವ ಮೊದಲೇ ಮುಂದಿನವರು ತಡೆಯಬಹುದು. ಇಲ್ಲವೇ ಒಬ್ಬರು ಪೂರ್ತಿ ಇಳಿದು ಪಕ್ಕಕ್ಕೆ ಸರಿದ ಮೇಲೆ ಇನ್ನೊಬ್ಬರು. ಕಲ್ಲು ಜಾರಿತೋ, "ಕಲ್ಲು!" ಅಂತ ಗಂಟಲು ಬಿಟ್ಟು ಕೂಗಿ, ನಾಚಿಕೆ ಬೇಡ.

ದಾರಿ ಮಧ್ಯದ ಭಟ್ಟರ ಮನೆ ಕಾಣಿಸುತ್ತಿದೆ. ಅಲ್ಲಿಂದ ಕುಕ್ಕೆವರೆಗೂ ಕಾಡು, ಕಾಲಿಗೆ ಸಿಗುವ ಬೇರು. ಬೆಳಕು ಇಳಿಯುತ್ತಿದೆ, ನನಗೆ ಎರಡೂ ಕೈ ಬೇಕು. ಕ್ಯಾಮೆರಾ ಒಳಗಿಡುತ್ತಿದ್ದೇನೆ.