ಹಳೇ ಪಿಕಪ್‌ಗೆ ಕಿವಿ ಕೊಟ್ಟು ಕೇಳಿ

ನಮಸ್ಕಾರ ಕೇಳುಗ್ರೇ. ಇವತ್ತು ಹಳೇ ಪಿಕಪ್ ಗಾಡಿಗಳ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಮುಂದೆ ಕ್ಯಾಬಿನ್, ಹಿಂದೆ ತೆರೆದ ಲೋಡ್ ಬಾಡಿ, ಅದೇ ಪಿಕಪ್. "ಗಾಡಿಗೆ ಪಿಕಪ್ಪೇ ಇಲ್ಲ ಮಾರಾಯ" ಅಂತೀವಲ್ಲ, ಆ ಪಿಕಪ್ ಬೇರೆ. ನಾನು ಮೊದಲು ತಗೊಂಡ ಪಿಕಪ್‌ಗೆ ಆ ಪಿಕಪ್ ಇರ್ಲಿಲ್ಲ, ಅದು ಬೇರೆ ಕಥೆ, ಮುಂದೆ ಬರುತ್ತೆ.

ರೇಡಿಯೋದಲ್ಲಿ ಗಾಡಿ ತೋರ್ಸಕ್ಕಾಗಲ್ಲ. ಒಂಥರಾ ಒಳ್ಳೇದೇ ಆಯ್ತು, ಯಾಕಂದ್ರೆ ಹಳೇ ಗಾಡಿ ವಿಷಯದಲ್ಲಿ ನಾನು ಮೋಸ ಹೋಗಿರೋದೆಲ್ಲ ಕಣ್ಣು ನಂಬ್ಕೊಂಡೇ. ಫಳಫಳ ಅನ್ನೋ ಹೊಸ ಪೇಂಟು, ತೊಳೆದು ಒರೆಸಿಟ್ಟ ಎಂಜಿನ್ನು, ಟೈರ್‌ಗೆ ಹೊಡೆದ ಕಪ್ಪು ಪಾಲಿಶ್ಶು, ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಶಬ್ದ ಮುಚ್ಚಿಡೋದು ಅಷ್ಟು ಸುಲಭ ಅಲ್ಲ. ಅದಕ್ಕೇ ಇವತ್ತು ಕಿವಿ ಲೆಕ್ಕದಲ್ಲೇ ಹೇಳ್ತಾ ಹೋಗ್ತೀನಿ.

ಮೊದಲ ಶಬ್ದ ಸುತ್ತಿಗೇದು. ಪಿಕಪ್ ಅಂದ್ರೆ ಕೆಳಗೆ ಏಣಿ ತರ ಒಂದು ಚಾಸಿ, ಅದರ ಮೇಲೆ ಕ್ಯಾಬಿನ್ನು, ಲೋಡ್ ಬಾಡಿ ಎರಡನ್ನೂ ಬೋಲ್ಟ್ ಹಾಕಿ ಕೂರಿಸಿರ್ತಾರೆ. 1925ರಲ್ಲಿ ಫೋರ್ಡ್‌ನೋರು ಮಾಡೆಲ್ ಟಿ ಕಾರಿಗೆ ಕಾರ್ಖಾನೇಲೇ ಪಿಕಪ್ ಬಾಡಿ ಕೂರಿಸಿ ಮಾರಕ್ಕೆ ಶುರು ಮಾಡಿದಾಗಿಂದ ಬಹುಪಾಲು ಪಿಕಪ್‌ಗಳ ಕಟ್ಟಡ ಇದೇನೇ. ಬಾಗಿಲು ತುಕ್ಕು ಹಿಡಿದ್ರೆ ಬಾಗಿಲು ಬದಲಾಯಿಸಬಹುದು, ಎಂಜಿನ್ ಹೋದ್ರೆ ಎಂಜಿನ್ನೇ ಇಳಿಸಿ ಕಟ್ಟಬಹುದು, ಆದ್ರೆ ಚಾಸಿ ಒಳಗಿಂದ ತಿಂದುಹೋಗಿದ್ರೆ ಮನೇಲಿ ಕೂತು ಏನೂ ಮಾಡಕ್ಕಾಗಲ್ಲ. ಅದಕ್ಕೇ ಗಾಡಿ ನೋಡಕ್ಕೆ ಹೋಗೋವಾಗ ಒಂದು ಹಳೇ ಚಾಪೆ, ಟಾರ್ಚು, ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡ್ಹೋಗಿ. ಮಾಲೀಕರಿಗೆ ಒಂದ್ಮಾತು ಹೇಳಿ, ಕೆಳಗೆ ನುಗ್ಗಿ, ಚಾಸಿ ಉದ್ದಕ್ಕೂ ಮೆಲ್ಲಗೆ ತಟ್ತಾ ಹೋಗಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ. ತುಕ್ಕು ತಿಂದಿರೋ ಕಡೆ ಡಬ್ ಅನ್ನುತ್ತೆ, ಜೊತೆಗೆ ಮುಖದ ಮೇಲೆ ಕೆಂಪು ಪುಡಿ ಉದುರುತ್ತೆ. ಡಬ್ ಅಂದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ, ಒಳಗೆ ಹೋಯ್ತು ಅಂದ್ರೆ ಎದ್ದು ಮೈ ಕೊಡವಿ ಥ್ಯಾಂಕ್ಸ್ ಹೇಳಿ ಬನ್ನಿ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗಿರೋ ಜಾಗ, ಲೀಫ್ ಸ್ಪ್ರಿಂಗ್ ಕೂರೋ ಬ್ರಾಕೆಟ್ಟು, ಇಲ್ಲೆಲ್ಲ ಕೆಸರು ಕೂತು ವರ್ಷಗಟ್ಲೆ ಒದ್ದೆ ಇರುತ್ತೆ, ಅಲ್ಲೇ ಜಾಸ್ತಿ ತಟ್ಟಿ. ಚಾಸಿಗೆ ಮೊನ್ನೆ ಮೊನ್ನೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ರೆ ನಂಗಂತೂ ಅನುಮಾನ ಡಬಲ್ ಆಗುತ್ತೆ.

ಮೇಲಿನ ಬಾಡಿಗೆ ಸುತ್ತಿಗೆ ಬೇಡ, ಮಾಲೀಕರು ಓಡಿಸ್ಕೊಂಡು ಬರ್ತಾರೆ. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಸಾಕು, ತಗಡು ಇದ್ರೆ ಖಣಖಣ ಅನ್ನುತ್ತೆ, ಪುಟ್ಟಿ ಮೆತ್ತಿದ್ರೆ ಗೋಡೆ ತಟ್ಟಿದಂಗೆ ಮಂದವಾಗಿ ಕೇಳುತ್ತೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ರೂ ಗೊತ್ತಾಗುತ್ತೆ, ಪುಟ್ಟಿ ಮೇಲೆ ಅದು ನಿಲ್ಲಲ್ಲ.

ಎರಡನೇ ಶಬ್ದ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗೋದು. ನಾನು ಏಮಾರಿದ್ದು ಇಲ್ಲೇ. ನಾನು ಹೋಗೋ ಹೊತ್ತಿಗೆ ಗಾಡಿ ಆಗ್ಲೇ ಆನ್ ಆಗಿ ಗುರ್ ಅಂತ ನಿಂತಿತ್ತು, ಪರ್ವಾಗಿಲ್ವೇ ಎಷ್ಟು ಸ್ಮೂತಾಗಿದೆ ಅಂತ ಖುಷಿಪಟ್ಟು ದುಡ್ಡು ಕೊಟ್ಟು ತಂದೆ, ಮಾರನೇ ದಿನ ಬೆಳಗ್ಗೆ ಕೀ ತಿರುಗಿಸಿದ್ರೆ ಟಿಕ್ ಅಂದು ಸುಮ್ನಾಯ್ತು. ಬಿಸಿ ಎಂಜಿನ್ ಎಷ್ಟೋ ಗುಟ್ಟು ಮುಚ್ಚಿಡುತ್ತೆ. ಅದಕ್ಕೇ ಫೋನಲ್ಲೇ ಹೇಳ್ಬಿಡಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ರೆ ಕಾಯಿರಿ ಇಲ್ಲಾಂದ್ರೆ ಇನ್ನೊಂದು ದಿನ ಬನ್ನಿ. ಸ್ಟಾರ್ಟ್ ಆದ್ಮೇಲೆ ಮೊದಲ ಹತ್ತು ಸೆಕೆಂಡು ಯಾರ ಹತ್ರಾನೂ ಮಾತಾಡ್ಬೇಡಿ. ಮೇಲಿಂದ ಟಿಕಟಿಕ ಅಂತ ಸಣ್ಣ ಶಬ್ದ ಬಂದು ಸ್ವಲ್ಪ ಹೊತ್ತಲ್ಲಿ ನಿಂತ್ರೆ ಹೆದರಿಕೆ ಇಲ್ಲ, ಆಯಿಲ್ ಮೇಲೆ ಹತ್ತೋವರೆಗೂ ವಾಲ್ವ್ ತಳ್ಳೋ ಟ್ಯಾಪೆಟ್‌ಗಳು ಹಂಗೆ ಬಡ್ಕೋತವೆ. ಕೆಳಗಿಂದ, ಹೊಟ್ಟೆಯೊಳಗಿಂದ ಬಂದಂಗೆ, ದಬ್ ದಬ್ ಅಂತ ಭಾರವಾದ ಬಡಿತ ಬಂದು ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ ಆದ್ರೆ ಅದು ಎಂಜಿನ್ ಒಳಗೆ ತಿರುಗೋ ಶಾಫ್ಟ್ ಕೂರೋ ಬೇರಿಂಗ್‌ದು, ಅಂದ್ರೆ ಎಂಜಿನ್ ಬಿಚ್ಚೋ ಕೆಲಸ.

ಹೊಗೆ ಬಗ್ಗೆ ಬೇಗ ಹೇಳ್ಬಿಡ್ತೀನಿ. ಪೆಟ್ರೋಲ್ ಗಾಡೀಲಿ ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ, ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ, ಎಂಜಿನ್ ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲದೇ ಇದ್ರೆ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ನೀರು, ಒಳಗೆ ಹೋಗ್ತಿದೆ.

ಓಡಿಸಿ ನೋಡೋವಾಗ ಟೇಪ್ ರೆಕಾರ್ಡರ್ ಆಫ್ ಮಾಡ್ಸಿ. ಎಷ್ಟೋ ಜನ ಮಾರೋರು ಜೋರಾಗಿ ಹಾಡು ಹಾಕಿರ್ತಾರೆ, ಪಾಪ ಸಂಗೀತ ಪ್ರೇಮ ಅಂತ ಅನ್ಕೋಬೇಡಿ. ಕ್ಲಚ್ ಬಿಟ್ಟ ಕ್ಷಣ ಕೆಳಗೆ ಟಕ್ ಅಂದ್ರೆ ಎಂಜಿನ್ ಬಲವನ್ನ ಹಿಂದಿನ ಚಕ್ರಕ್ಕೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಸವೆದಿದೆ, ಅದು ಚಿಕ್ಕ ಕೆಲಸ, ಮನೇಲೇ ಮಾಡ್ಕೋಬಹುದು. ಸ್ಪೀಡ್ ಜೊತೆ ಏರೋ ಗೂಂ ಅನ್ನೋ ಶಬ್ದ, ಸ್ಟೀರಿಂಗ್ ಒಂದು ಪಕ್ಕಕ್ಕೆ ತಿರುಗಿಸಿದಾಗ ಜೋರಾದ್ರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಿ. ಆಮೇಲೆ ಟೈರ್ ಪಕ್ಕದಲ್ಲಿ ಇಂಗ್ಲಿಷಿನ ಡಿ-ಓ-ಟಿ ಅಂತ ಶುರುವಾಗೋ ನಂಬರ್‌ನ ಕೊನೇ ನಾಲ್ಕು ಅಂಕಿ ಓದಿ, 2319 ಅಂತಿದ್ರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು. ಮೂರೇ ಅಂಕಿ ಇದ್ರೆ ಅದು 2000ಕ್ಕಿಂತ ಮುಂಚಿನ ಟೈರು, ಟೈರಿನ ಗೆರೆಗಳು ಎಷ್ಟೇ ಆಳ ಕಂಡ್ರೂ ಅದ್ರ ಮೇಲೆ ಸ್ಪೀಡ್ ಹೋಗ್ಬೇಡಿ.

ಯಾವ ಮಾಡೆಲ್ ತಗೋಬೇಕು ಅಂತ ಕೇಳ್ತಾರೆ. ನನ್ನ ಉತ್ತರ ಒಂದೇ, ವರ್ಷಾನುಗಟ್ಲೆ ಬದಲಾಗದೇ ಬಂದಿದ್ದನ್ನ ತಗೊಳ್ಳಿ. ಫೋರ್ಡ್‌ನ 300 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ 1965ರಿಂದ 1996ರವರೆಗೂ ಬಂತು. ಶೆವರ್ಲೆಯ ಚೌಕಾಕಾರದ ಪಿಕಪ್ಪು 1973ರಿಂದ 1987ರವರೆಗೆ ಹೆಚ್ಚುಕಮ್ಮಿ ಅದೇ ಮುಖ ಇಟ್ಕೊಂಡಿತ್ತು. ಟೊಯೋಟಾ ಹೈಲಕ್ಸ್ 1968ರಲ್ಲಿ ಶುರುವಾಗಿ ಎಷ್ಟೋ ದೇಶ ಸುತ್ತಿದೆ. ಇಂಥ ಗಾಡಿಗೆ ಪಾರ್ಟ್ಸ್ ಹುಡುಕೋದು ಸುಲಭ. ಅಪರೂಪದ ಗಾಡಿ ಅಂತ ಆಸೆಪಟ್ಟು ತಂದ್ರೆ ಒಂದು ಬಾಗಿಲ ಹಿಡಿಗೆ ಆರು ತಿಂಗಳು ಅಲೀಬೇಕಾಗುತ್ತೆ. ಬೇರಿಂಗ್ ಬೇಕಾದ್ರೆ ಗಾಡಿ ಹೆಸರು ಹೇಳೋದಕ್ಕಿಂತ ಹಳೇ ಬೇರಿಂಗ್ ಒರೆಸಿ ಅದ್ರ ಮೇಲೆ ಕೊರೆದಿರೋ ನಂಬರ್ ಓದಿ ಹೇಳಿ, ಅದೇ ನಂಬರ್ ಯಾವ ಕಂಪನೀದಾದ್ರೂ ಕೂರುತ್ತೆ.

ಈಗ ನನ್ನ ಗಾಡಿ ಕಥೆಗೆ ಬರ್ತೀನಿ. ಟಿಕ್ ಅಂತು ಅಂದ್ನಲ್ಲ. ನಾನು ಬ್ಯಾಟರಿ ಬದಲಾಯಿಸಿದೆ, ಟಿಕ್. ಸ್ಟಾರ್ಟರ್ ಮೋಟಾರ್ ಬಿಚ್ಚಿ ಇನ್ನೊಂದು ಹಾಕಿದೆ, ಟಿಕ್. ಇರ್ಲಿ ಅಂತ ಪ್ಲಗ್ಗೂ ಹೊಸಾದು ಹಾಕಿದೆ, ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಈಗ ನಗು ಬರುತ್ತೆ. ಆಮೇಲೆ ಒಂದಿನ ಮಲ್ಟಿಮೀಟರ್ ತಗೊಂಡು ಕೂತೆ. ಬ್ಯಾಟರಿ ಸುಮ್ನಿದ್ದಾಗ 12.6 ವೋಲ್ಟ್, ಸರಿಯಾಗೇ ಇದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೇ ಒತ್ತಿ ಹಿಡಿದು ಮಗಳಿಗೆ ಕೀ ತಿರುಗ್ಸು ಅಂದೆ. ಅರ್ಧ ವೋಲ್ಟ್ ಕೂಡ ಬರಬಾರದು ಅಲ್ಲಿ. ಮೂರಕ್ಕಿಂತ ಮೇಲೆ ಹೋಯ್ತು. ಅಂದ್ರೆ ಎಂಜಿನ್ನಿಂದ ವಾಪಸ್ ಬರೋ ದಾರೀಲೇ ಕರೆಂಟ್ ಸಿಕ್ಕಾಕೊಂಡಿದೆ. ಎಂಜಿನ್ನನ್ನ ಚಾಸಿಗೆ ಸೇರಿಸೋ ಅರ್ತ್ ಪಟ್ಟಿ ಬಿಚ್ಚಿ ನೋಡಿದ್ರೆ, ಯಾರೋ ಪುಣ್ಯಾತ್ಮರು ಚಾಸಿಗೆ ಪೇಂಟ್ ಹೊಡೆದು ಆ ಪೇಂಟಿನ ಮೇಲೇ ಬೋಲ್ಟ್ ಟೈಟ್ ಮಾಡಿದಾರೆ! ಉಪ್ಪುಕಾಗದದಲ್ಲಿ ಒಂದು ನಾಣ್ಯದಗಲ ಕಬ್ಬಿಣ ಹೊಳೆಯೋವರೆಗೂ ಉಜ್ಜಿದೆ, ವಾಪಸ್ ಹಾಕ್ದೆ, ಮೊದಲ ಸಲಕ್ಕೇ ಸ್ಟಾರ್ಟು. ಮಗಳು ಕ್ಯಾಬಿನ್ನಿಂದ ತಲೆ ಹಾಕಿ, ಅಪ್ಪ ಇಷ್ಟೇನಾ ಅಂದ್ಳು. ಹಳೇ ಸ್ಟಾರ್ಟರ್ ಇನ್ನೂ ಶೆಲ್ಫ್ ಮೇಲಿದೆ, ಅದಕ್ಕೇನೂ ಆಗಿರ್ಲಿಲ್ಲ.

ಮನೇಲಿ ರಿಪೇರಿ ಮಾಡೋರಿಗೆ ಒಂದು ವಿಷಯ ಮಾತ್ರ ಜೋರಾಗಿ ಹೇಳ್ತೀನಿ. ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ಹೋಗ್ಬೇಡಿ. ಗಟ್ಟಿ ನೆಲ, ಚಾಸಿಗೆ ಜಾಕ್ ಸ್ಟ್ಯಾಂಡ್, ನೆಲದಲ್ಲಿರೋ ಚಕ್ರಗಳಿಗೆ ಅಡ್ಡಗಟ್ಟೆ, ಆಮೇಲೆ ಕೈಯಲ್ಲಿ ಒಂದ್ಸಲ ಜೋರಾಗಿ ಅಲ್ಲಾಡಿಸಿ ನೋಡಿ ನಂತರ ನುಗ್ಗಿ. ಮೊದಲ ಕೆಲಸ ಬ್ರೇಕು. ಬ್ರೇಕ್ ಆಯಿಲ್ ಗಾಳೀಲಿರೋ ನೀರು ಹೀರ್ಕೊಳ್ಳುತ್ತೆ, ಕಾಫಿ ಬಣ್ಣಕ್ಕೆ ತಿರುಗಿದ್ರೆ ಪೂರ್ತಿ ಬದಲಾಯಿಸಿ, ಬಿರುಕು ಬಿಟ್ಟ ರಬ್ಬರ್ ಪೈಪೂ ಅದರ ಜೊತೆಗೇ. ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಧೂಳಿಗೆ ಗಾಳಿ ಹೊಡೀಬೇಡಿ, ಹಳೇ ಬ್ರೇಕ್ ಲೈನಿಂಗಲ್ಲಿ, ಅಂದ್ರೆ ಡ್ರಮ್ಮಿಗೆ ಒತ್ತೋ ಪಟ್ಟೀಲಿ, ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದ್ರೆ ಕೆಟ್ಟದ್ದು, ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೆ ಕವರಲ್ಲಿ ಕಟ್ಟಿ ಬಿಸಾಕಿ.

ಕಚ್ಕೊಂಡ ಬೋಲ್ಟ್ ಬಗ್ಗೆ ಕೇಳೋರು ಬಹಳ. ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ, ಬೆಳಗ್ಗೆ ಮೊದಲು ಸ್ವಲ್ಪ ಟೈಟ್ ಮಾಡೋ ಕಡೆಗೇ ಅಲುಗಿಸಿ, ಕಿರ್ ಅನ್ನೋ ಒಂದು ಶಬ್ದ ಬರುತ್ತೆ, ಅದು ಬಂತು ಅಂದ್ರೆ ತುಕ್ಕು ಬಿಡ್ತು ಅಂತ. ಆಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ, ಅವಸರ ಬೇಡ. ಟಪ್ ಅಂತ ಬಂದ್ರೆ ಅದು ತಲೆ ಮುರಿದ ಶಬ್ದ, ಅವತ್ತಿಗೆ ಕೆಲಸ ನಿಲ್ಸಿ ಕೈ ತೊಳ್ಕೊಳ್ಳಿ. ಬಿಚ್ಚಿದ ಬೋಲ್ಟ್‌ಗಳನ್ನ ಡಬ್ಬಿಗೆ ಸುರೀಬೇಡಿ, ರಟ್ಟಿನ ಮೇಲೆ ಆ ಪಾರ್ಟಿನ ಚಿತ್ರ ಬರೆದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ.

ನನ್ನ ಗಾಡಿ ಈಗ ಚೆನ್ನಾಗಿ ಓಡ್ತಿದೆ. ಪೆಟ್ರೋಲ್ ಮುಳ್ಳು ಮಾತ್ರ ಎಂಪ್ಟಿ ಬಿಟ್ಟು ಮೇಲೇಳಲ್ಲ, ಟ್ಯಾಂಕ್ ತುಂಬಿದ್ರೂ ಅಷ್ಟೇ, ಅದಕ್ಕೆ ಒಂದು ಪುಸ್ತಕದಲ್ಲಿ ಕಿಲೋಮೀಟರ್ ಬರೆದಿಟ್ಕೊಂಡು ಓಡಿಸ್ತೀನಿ. ಟ್ಯಾಂಕ್ ಹತ್ರ ಅರ್ತ್ ವೈರ್ ಇರೋ ಕಡೆ ಮತ್ತದೇ ಕಪ್ಪು ಪೇಂಟು ಕಾಣಿಸ್ತಿದೆ. ಈ ಭಾನುವಾರ ಚಾಪೆ, ಉಪ್ಪುಕಾಗದ ತಗೊಂಡು ಕೆಳಗೆ ನುಗ್ತೀನಿ. ನಮಸ್ಕಾರ.