ಹಳಿ ಕಿತ್ತ ಹಾದಿಗೆ ಕಾನೂನಿನ ಒಡೆತನ

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ರೈಲು ಓಡುವುದು ನಿಂತ ಮೇಲೆ ಆ ರೈಲು ಹಾದಿಯ ನೆಲ ಯಾರ ಕೈಯಲ್ಲಿರಬೇಕು, ಅದನ್ನು ಜನರು ನಡೆಯುವ ಮತ್ತು ಸೈಕಲ್ ತುಳಿಯುವ ಹಾದಿಯನ್ನಾಗಿ ಉಳಿಸಿಕೊಳ್ಳಬೇಕಾದರೆ ಎಂಥ ಕಾನೂನು ಬೇಕು ಎಂಬುದು ಇಂದಿನ ಮಾತಿನ ವಿಷಯ. ಇದು ಅಧಿಕಾರಿಗಳ ಉಸಾಬರಿ, ನಮಗೇಕೆ ಎಂದು ದಯವಿಟ್ಟು ರೇಡಿಯೋ ಬಂದ್ ಮಾಡಬೇಡಿ. ಕುಂದಗೋಳ, ಅಣ್ಣಿಗೇರಿ, ಯಲವಿಗಿ ಸುತ್ತಲಿನ ಹಳ್ಳಿಗಳಲ್ಲಿ ರೈಲು ಹಾದಿಗೆ ಹತ್ತಿಕೊಂಡೇ ಹೊಲವಿರುವ ರೈತರನ್ನು, ಗ್ರಾಮ ಪಂಚಾಯಿತಿಯ ಸದಸ್ಯರನ್ನು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರನ್ನು ಕಣ್ಣ ಮುಂದಿಟ್ಟುಕೊಂಡೇ ನಾನು ಮಾತನಾಡುತ್ತಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ ಮಾತು. ರೈಲ್ವೆ ಕೈಬಿಟ್ಟ ಹಾದಿಗೆ ಒಬ್ಬನೇ ಒಡೆಯನಿರಬೇಕು, ಆ ಒಡೆಯ ಶಾಸನದಿಂದ ಹುಟ್ಟಿದ ಸಾರ್ವಜನಿಕ ಸಂಸ್ಥೆಯಾಗಿರಬೇಕು. ಸರಕಾರದ ಆದೇಶದಿಂದ ರಚನೆಯಾದ ಸಮಿತಿ ಸಾಲದು, ಉತ್ಸಾಹಿಗಳ ಸಂಘ ಸಾಲದು, ಮೂರು ಇಲಾಖೆಗಳ ಜಂಟಿ ಹೊಣೆಯಂತೂ ಖಂಡಿತ ಬೇಡ.

ಕಾರಣ ಸರಳವಾಗಿದೆ. ರೈಲು ಹಾದಿಯ ನೆಲ ಗೋಮಾಳದಂತೆಯೋ ಆಟದ ಮೈದಾನದಂತೆಯೋ ಒಂದೆಡೆ ಹರಡಿಕೊಂಡಿರುವುದಿಲ್ಲ. ಅದರ ಅಗಲ ಕಡಿಮೆ, ಉದ್ದ ಹತ್ತಾರು, ನೂರಾರು ಕಿಲೋಮೀಟರು. ಅದರ ಬೆಲೆಯೆಲ್ಲ ಇರುವುದು ಅದು ಎಲ್ಲಿಯೂ ತುಂಡಾಗದೆ ಸಾಗುವುದರಲ್ಲಿ. ಮಲಪ್ರಭಾ ಕಾಲುವೆಯನ್ನು ನಡುವೆ ಒಂದು ಕಡೆ ಒಡೆದರೆ ಕೊನೆಯ ಹೊಲಕ್ಕೆ ನೀರು ಹೇಗೆ ಮುಟ್ಟುವುದಿಲ್ಲವೋ, ಹಾಗೆಯೇ ಐವತ್ತು ಕಿಲೋಮೀಟರಿನ ಹಾದಿಯಲ್ಲಿ ಇನ್ನೂರು ಅಡಿಯನ್ನು ಯಾರೋ ಒತ್ತಿಕೊಂಡರೆ ಅಥವಾ ಸರಕಾರವೇ ಮಾರಿದರೆ ಉಳಿದ ನೆಲವೆಲ್ಲ ಬಿಡಿ ತುಣುಕುಗಳಾಗುತ್ತದೆ. ಹೀಗೆ ತುಂಡಾದದ್ದನ್ನು ಮತ್ತೆ ಕೂಡಿಸಲು ನೂರಾರು ಖಾತೆದಾರರಿಂದ ಹೊಸದಾಗಿ ಭೂಸ್ವಾಧೀನ ಮಾಡಿಕೊಳ್ಳಬೇಕು. ಇಂದಿನ ಭೂಮಿಯ ಬೆಲೆಯಲ್ಲಿ ಅದು ನಡೆಯುವ ಕೆಲಸವಲ್ಲ.

ಈ ನೆಲದಲ್ಲಿ ನಮ್ಮ ಹಿಂದಿನವರ ದುಡಿಮೆಯೂ ಸೇರಿದೆ. ಎರೆ ಹೊಲದ ನಡುವೆ ಮಣ್ಣು ಹೊತ್ತು ಹಾಕಿ ಎತ್ತರಿಸಿದ ಒಡ್ಡು, ಹಳ್ಳಗಳ ಮೇಲಿನ ಕಲ್ಲಿನ ಮೋರಿಗಳು, ದಿಬ್ಬಗಳನ್ನು ಕಡಿದು ಮಾಡಿದ ಸಮತಟ್ಟು, ಇವೆಲ್ಲ ಒಮ್ಮೆ ಮಾಡಿದರೆ ತಲೆಮಾರುಗಳ ಕಾಲ ಬಾಳುವ ಕೆಲಸಗಳು. ನಮ್ಮ ಬಯಲುಸೀಮೆಯಲ್ಲಿ ರೈಲು ಹಾದಿ ನೂರು ಅಡಿ ಸಾಗಿದರೆ ಒಂದು ಅಡಿಗಿಂತ ಹೆಚ್ಚು ಏರುವುದು ವಿರಳ. ಆದ್ದರಿಂದ ಮೊಣಕಾಲು ನೋವಿರುವ ಅಜ್ಜಿ ಅಲ್ಲಿ ಆಯಾಸವಿಲ್ಲದೆ ನಡೆಯಬಲ್ಲಳು, ಗಾಲಿಕುರ್ಚಿ ಸಾಗಬಲ್ಲದು, ಶಾಲೆಯ ಮಕ್ಕಳು ಲಾರಿಗಳ ಭಯವಿಲ್ಲದೆ ಸೈಕಲ್ ತುಳಿಯಬಲ್ಲರು. ಮಳೆಗಾಲದಲ್ಲಿ ಎರೆ ಮಣ್ಣಿನ ಗಾಡಿದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ, ನೀರು ನಿಲ್ಲದ ಎತ್ತರದ ಒಡ್ಡಿನ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ರೈಲು ಓಡುತ್ತಿರುವ ಹಳಿಯ ಮೇಲೆ ನಡೆಯುವುದನ್ನು ನಾನು ಸಮರ್ಥಿಸುತ್ತಿಲ್ಲ. ಪ್ರತಿ ಮಳೆಗಾಲದಲ್ಲೂ ಹುಬ್ಬಳ್ಳಿ ಧಾರವಾಡದ ಹುಡುಗರು ಕ್ಯಾಸಲ್‌ರಾಕ್ ಕಡೆಯಿಂದ ದೂಧಸಾಗರಕ್ಕೆ ಹಳಿಗುಂಟ ನಡೆದು ಹೋಗುತ್ತಾರೆ, ರೈಲ್ವೆಯವರು ತಡೆಯುತ್ತಾರೆ, ತಡೆಯುವುದೇ ಸರಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅತಿಕ್ರಮ ಪ್ರವೇಶ, ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ನಾನು ಹೇಳುತ್ತಿರುವುದು ಗೇಜ್ ಪರಿವರ್ತನೆಯಿಂದಲೋ ಮಾರ್ಗ ಬದಲಾವಣೆಯಿಂದಲೋ ರೈಲು ಶಾಶ್ವತವಾಗಿ ಬಿಟ್ಟುಹೋದ ನೆಲದ ಬಗ್ಗೆ. 1992ರಲ್ಲಿ ಏಕ ಗೇಜ್ ಯೋಜನೆ ಆರಂಭವಾದ ಮೇಲೆ ದೇಶದ ಉದ್ದಗಲಕ್ಕೂ ಒಂದು ಮೀಟರ್ ಅಗಲದ ಹಳಿಗಳನ್ನು ಕಿತ್ತು 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಹಳಿಗಳನ್ನು ಹಾಕಿದರು. ಬಹುತೇಕ ಕಡೆ ಹಳೆಯ ಒಡ್ಡಿನ ಮೇಲೆಯೇ ಹೊಸ ಹಳಿ ಬಂದಿತು. ತಿರುವು ನೇರ ಮಾಡಿದಲ್ಲಿ, ಸೇತುವೆ ಪಕ್ಕಕ್ಕೆ ಸರಿದಲ್ಲಿ ಹಳೆಯ ಒಡ್ಡು ಹಾಗೆಯೇ ಉಳಿದು ಜಾಲಿ ಬೆಳೆಯಿತು. ಅಂಥ ನೆಲವನ್ನು ಕಾಯುವವರು ಯಾರು ಎಂದು ಕೇಳಿದರೆ ರೈಲ್ವೆಯವರು ಕಂದಾಯ ಇಲಾಖೆಯತ್ತ ಕೈ ತೋರಿಸುತ್ತಾರೆ, ಕಂದಾಯದವರು ರೈಲ್ವೆಯತ್ತ ತೋರಿಸುತ್ತಾರೆ, ಅಷ್ಟರಲ್ಲಿ ಒಡ್ಡಿನ ಮಣ್ಣು ಟ್ರ್ಯಾಕ್ಟರಿನಲ್ಲಿ ಸಾಗಿಹೋಗಿರುತ್ತದೆ.

ಬೇರೆಯವರು ಇದಕ್ಕೆ ಏನು ಮಾಡಿದ್ದಾರೆ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1960ರ ದಶಕದಲ್ಲಿಯೇ ಎಲ್ರಾಯ್ ಮತ್ತು ಸ್ಪಾರ್ಟಾ ಎಂಬ ಊರುಗಳ ನಡುವಿನ ಸುಮಾರು 50 ಕಿಲೋಮೀಟರ್ ಉದ್ದದ ರೈಲು ಹಾದಿಯನ್ನು, ಅದರ ಮೂರು ಸುರಂಗಗಳ ಸಹಿತ, ಕೊಂಡುಕೊಂಡು ಸೈಕಲ್ ಹಾದಿ ಮಾಡಿತು. ಮುಂದೆ 1983ರಲ್ಲಿ ಆ ದೇಶದ ಸಂಸತ್ತು 1968ರ ರಾಷ್ಟ್ರೀಯ ಹಾದಿಗಳ ಕಾಯ್ದೆಗೆ ತಿದ್ದುಪಡಿ ತಂದು ರೈಲ್‌ಬ್ಯಾಂಕಿಂಗ್ ಎಂಬ ವ್ಯವಸ್ಥೆಯನ್ನು ಸೇರಿಸಿತು. ಮುಂದೆಂದಾದರೂ ರೈಲು ಬೇಕಾದೀತು ಎಂದು ಹಾದಿಯನ್ನು ಇಡಿಯಾಗಿ ಕಾಯ್ದಿರಿಸುವುದು, ಅಲ್ಲಿಯವರೆಗೆ ಅದನ್ನು ನಡಿಗೆಗೂ ಸೈಕಲ್ಲಿಗೂ ಬಳಸುವುದು, ಆ ಅವಧಿಯಲ್ಲಿ ನಿರ್ವಹಣೆಯ ಹೊಣೆಯನ್ನು ಒಂದು ಸಂಸ್ಥೆ ಬರವಣಿಗೆಯಲ್ಲಿ ಹೊರುವುದು, ಇಷ್ಟೇ ಅದರ ತಿರುಳು. ಅಲ್ಲಿಯೂ ನೆರೆಹೊರೆಯ ಭೂಮಾಲೀಕರು, ರೈಲು ನಿಂತ ಮೇಲೆ ನೆಲ ತಮಗೆ ಮರಳಬೇಕೆಂದು ನ್ಯಾಯಾಲಯಕ್ಕೆ ಹೋದರು. 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು, ಪರಿಹಾರ ಕೇಳುವ ದಾರಿಯನ್ನೂ ತೆರೆದಿಟ್ಟಿತು.

ಈಗ ನನಗೆ ಬಹು ಪ್ರಿಯವಾದ ಕ್ಯಾಲಿಫೋರ್ನಿಯಾದ ಕಥೆಗೆ ಬರುತ್ತೇನೆ. ಸ್ವಲ್ಪ ದೀರ್ಘವಾದರೂ ಹೇಳುತ್ತೇನೆ, ಏಕೆಂದರೆ ಒಡೆತನದ ಬಗ್ಗೆ ಕಲಿಯಬೇಕಾದದ್ದೆಲ್ಲ ಅದರಲ್ಲಿ ಇದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ಉತ್ತರಕ್ಕೆ ಹಂಬೋಲ್ಟ್ ಕೊಲ್ಲಿಯವರೆಗೆ ಸುಮಾರು 500 ಕಿಲೋಮೀಟರ್ ಉದ್ದದ ನಾರ್ತ್‌ವೆಸ್ಟರ್ನ್ ಪೆಸಿಫಿಕ್ ಎಂಬ ರೈಲು ಹಾದಿ 1914ರಲ್ಲಿ ಪೂರ್ಣಗೊಂಡಿತು. ಮುಗಿಲೆತ್ತರದ ರೆಡ್‌ವುಡ್ ಮರಗಳ ದಿಮ್ಮಿ ಸಾಗಿಸುವುದೇ ಅದರ ಮುಖ್ಯ ಕೆಲಸ. ಅದು ಈಲ್ ಎಂಬ ನದಿಯ ಕಣಿವೆಯಲ್ಲಿ ಸಾಗುತ್ತದೆ. ಅಲ್ಲಿನ ಗುಡ್ಡಗಳು ಸಡಿಲ ಮಣ್ಣು ಕಲ್ಲಿನವು, ಮಳೆಗಾಲದಲ್ಲಿ ಕುಸಿಯುತ್ತಲೇ ಇರುತ್ತವೆ. 1964ರ ಡಿಸೆಂಬರಿನ ಮಹಾಪೂರ ಹಳಿಯನ್ನು ಕಿಲೋಮೀಟರುಗಟ್ಟಲೆ ಕೊಚ್ಚಿಕೊಂಡು ಹೋಯಿತು, ಅದನ್ನು ಮತ್ತೆ ಹಾಕಲು ಸುಮಾರು ಆರು ತಿಂಗಳು ಹಿಡಿಯಿತು. ದಿಮ್ಮಿ ವ್ಯಾಪಾರ ಇಳಿದಂತೆ ಖಾಸಗಿ ಕಂಪನಿಗಳಿಗೆ ಆ ಹಾದಿ ಭಾರವಾಯಿತು. ಆಗ 1989ರಲ್ಲಿ ರಾಜ್ಯದ ಶಾಸಕಾಂಗ ನಾರ್ತ್ ಕೋಸ್ಟ್ ರೈಲ್‌ರೋಡ್ ಅಥಾರಿಟಿ ಎಂಬ ಸಾರ್ವಜನಿಕ ಪ್ರಾಧಿಕಾರವನ್ನು ರಚಿಸಿತು. ಒಡೆಯನೊಬ್ಬ ಸಿಕ್ಕ. ಆದರೆ ಅವನಿಗೆ ಸ್ಥಿರವಾದ ಆದಾಯವನ್ನು ಮಾತ್ರ ಕಾನೂನು ಕೊಡಲಿಲ್ಲ. 1998ರಲ್ಲಿ ಕೇಂದ್ರ ರೈಲು ಸುರಕ್ಷಾ ಆಡಳಿತ ತುರ್ತು ಆದೇಶ ಹೊರಡಿಸಿ ಆ ಹಾದಿಯಲ್ಲಿ ರೈಲು ಓಡಿಸುವುದನ್ನು ನಿಷೇಧಿಸಿತು. ಮುಂದಿನ ವರ್ಷಗಳಲ್ಲಿ ಪ್ರಾಧಿಕಾರ ಸಾಲದಲ್ಲಿ ಮುಳುಗಿತು, ಕಣಿವೆಯ ಸುರಂಗಗಳು ಕುಸಿದವು, ರೈಲಿನ ಡಬ್ಬಿಗಳು ನದಿಯ ದಂಡೆಯಲ್ಲಿ ತುಕ್ಕು ಹಿಡಿದವು.

ಕೇಳುಗರೇ, ಇಲ್ಲಿ ಗಮನಿಸಬೇಕು. ಹಳಿ ಹಾಳಾಯಿತು, ಹಣ ಖಾಲಿಯಾಯಿತು, ಆದರೆ ಆ ಹಾದಿಯ ನೆಲ ಒಬ್ಬ ಒಡೆಯನ ಹೆಸರಿನಲ್ಲೇ ಇತ್ತು. ಆದ್ದರಿಂದ 2018ರಲ್ಲಿ ಶಾಸಕಾಂಗ ಹೊಸ ಕಾನೂನು ಮಾಡಿ, ಪ್ರಾಧಿಕಾರದ ಆಸ್ತಿ ಮತ್ತು ಸಾಲಗಳನ್ನು ಪರಿಶೀಲಿಸಿ ಅದನ್ನು ಮುಚ್ಚುವ, ಹಾದಿಯನ್ನು ಜನರ ಬಳಕೆಗೆ ತಿರುಗಿಸುವ ಕೆಲಸಕ್ಕೆ ಕೈಹಾಕಲು ಸಾಧ್ಯವಾಯಿತು. 2021ರಲ್ಲಿ ಸೆನೆಟ್ ವಿಧೇಯಕ 69 ಅಂಗೀಕಾರವಾಯಿತು, 2022ರ ಮಾರ್ಚಿನಲ್ಲಿ ಅದೇ ಪ್ರಾಧಿಕಾರ ಗ್ರೇಟ್ ರೆಡ್‌ವುಡ್ ಟ್ರೇಲ್ ಏಜೆನ್ಸಿ ಎಂಬ ಹೊಸ ರೂಪ ತಾಳಿತು. ಹಾದಿಗೆ ಸೇರಿದ ಪ್ರತಿಯೊಂದು ತುಂಡು ಭೂಮಿ, ಗುತ್ತಿಗೆ ಮತ್ತು ದಾರಿಹಕ್ಕಿನ ಪಟ್ಟಿ ಮಾಡಬೇಕು. ನೆಲ ಎಷ್ಟು ಮಲಿನವಾಗಿದೆ ಎಂದು ಪರೀಕ್ಷಿಸಬೇಕು. ರೈಲ್‌ಬ್ಯಾಂಕಿಂಗಿಗೆ ಕೇಂದ್ರದ ಭೂ ಸಾರಿಗೆ ಮಂಡಳಿಯ ಮುಂದೆ ಅರ್ಜಿ ಹಾಕಬೇಕು. ನೆರೆಯ ಭೂಮಾಲೀಕರ ಆತಂಕಗಳನ್ನು ಬಹಿರಂಗ ಸಭೆಗಳಲ್ಲಿ ಕೇಳಬೇಕು. ಆಮೇಲೆ ಹಾದಿಯನ್ನು ಯೋಜಿಸಿ, ಕಟ್ಟಿ, ನಡೆಸಿ, ದುರಸ್ತಿ ಮಾಡಬೇಕು. ಇಷ್ಟನ್ನೂ ಕಾನೂನೇ ಸಂಸ್ಥೆಯ ಕರ್ತವ್ಯವೆಂದು ಬರೆದಿದೆ.

ಇನ್ನು ಈ ಕಥೆಯ ಅತ್ಯಂತ ರೋಚಕ ಭಾಗ. ಇದೆಲ್ಲ ನಡೆಯುತ್ತಿರುವಾಗಲೇ, 2021ರಲ್ಲಿ, ಅಲ್ಲಿಯವರೆಗೆ ಯಾರೂ ಹೆಸರು ಕೇಳಿರದ ಒಂದು ಕಂಪನಿ ಕೇಂದ್ರದ ಮಂಡಳಿಗೆ ಪತ್ರ ಬರೆಯಿತು. ಹಾದಿಯನ್ನು ತನಗೆ ಕೊಟ್ಟರೆ ಮತ್ತೆ ಹಳಿ ಹಾಕುವುದಾಗಿ, ತನ್ನ ಬಳಿ 120 ಕೋಟಿ ಡಾಲರ್ ಇರುವುದಾಗಿ ಹೇಳಿಕೊಂಡಿತು. ಹಂಬೋಲ್ಟ್ ಬಂದರಿನಿಂದ ಹೊರದೇಶಗಳಿಗೆ ಕಲ್ಲಿದ್ದಲು ಸಾಗಿಸುವ ಆಲೋಚನೆ ಅದರ ಹಿಂದೆ ಇದೆಯೆಂದು ಸುದ್ದಿಯಾಯಿತು. ಕುಡಿಯುವ ನೀರಿಗೆ ಆಸರೆಯಾದ ನದಿಯ ದಂಡೆಯಲ್ಲಿ ಕಲ್ಲಿದ್ದಲಿನ ರೈಲು ಎಂದೊಡನೆ ಊರೂರುಗಳು ಎದ್ದು ನಿಂತವು. ಮಂಡಳಿ ಹಣಕಾಸಿನ ಪುರಾವೆ ಸಾಲದೆಂದು 2022ರಲ್ಲಿ ಆ ಪ್ರಸ್ತಾವವನ್ನು ತಳ್ಳಿಹಾಕಿತು. ಹಾದಿಗೆ ಶಾಸನಬದ್ಧ ಒಡೆಯನಿರದೆ ನೆಲ ಹತ್ತಾರು ಕೈಗಳಲ್ಲಿ ಹಂಚಿಹೋಗಿದ್ದರೆ ಮಂಡಳಿಯ ಮುಂದೆ ಇಡೀ ಹಾದಿಯ ಪರವಾಗಿ ನಿಂತು ಮಾತನಾಡುವವರೇ ಇರುತ್ತಿರಲಿಲ್ಲ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಇದನ್ನೇ.

ನಮ್ಮ ದೇಶಕ್ಕೆ ಬರೋಣ, ಸಮಯ ಕಡಿಮೆ ಉಳಿದಿದೆ. ನಮ್ಮಲ್ಲಿ ಒಂದು ಅನುಕೂಲವಿದೆ: ರೈಲಿಗಾಗಿ ಸ್ವಾಧೀನಪಡಿಸಿಕೊಂಡ ನೆಲ ಸಂಪೂರ್ಣವಾಗಿ ಸರಕಾರದ ಸ್ವತ್ತಾಗುವುದರಿಂದ, ಅಮೆರಿಕದಂತೆ ರೈಲು ನಿಂತೊಡನೆ ನೆಲ ಪಕ್ಕದ ಮಾಲೀಕನಿಗೆ ಮರಳುವ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ತೊಡಕು ಬೇರೆಡೆ ಇದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಕೇಂದ್ರದ ಪಟ್ಟಿಯ 22ನೇ ನಮೂದು, ಭೂಮಿ ರಾಜ್ಯದ ಪಟ್ಟಿಯ 18ನೇ ನಮೂದು. ಆದ್ದರಿಂದ ಹಾದಿಯನ್ನು ರಾಜ್ಯಕ್ಕೆ ಒಪ್ಪಿಸಲು ಕೇಂದ್ರದ ಕಾನೂನು ಬೇಕು, ಒಪ್ಪಿಕೊಂಡು ನಡೆಸಲು ರಾಜ್ಯದ ಕಾನೂನು ಬೇಕು. ರೈಲ್ವೆ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ತಂದು ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಲಾಯಿತು. ಖಾಲಿ ನೆಲವನ್ನು ವಾಣಿಜ್ಯಕ್ಕೆ ಬಳಸಿ ಆದಾಯ ತರುವುದು ಅದರ ಗುರಿ. ನಿಲ್ದಾಣದ ಪಕ್ಕದ ನಿವೇಶನಕ್ಕೆ ಅದು ಸರಿ. ಉದ್ದನೆಯ ಹಾದಿಯನ್ನು ಅದೇ ಲೆಕ್ಕದಲ್ಲಿ ನೋಡಿದರೆ ಬೆಲೆ ಬರುವ ತುಂಡುಗಳು ಮೊದಲು ಹೋಗುತ್ತವೆ.

ರಾಜ್ಯಕ್ಕೆ ಇಂಥ ಕೆಲಸ ಹೊಸದೇನಲ್ಲ. ಗದಗಿನಿಂದ ಪೂರ್ವಕ್ಕೆ ರೈಲು ಹತ್ತಿದರೆ ಸಿಗುವ ಹಂಪಿಗೆ 2002ರಲ್ಲಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯನ್ನೇ ಮಾಡಿದ್ದಾರೆ. ಹಲವು ಇಲಾಖೆ, ಹಲವು ಪಂಚಾಯಿತಿಗಳಿಗೆ ಹಂಚಿಹೋದ ಪ್ರದೇಶಕ್ಕೆ ಕಾನೂನಿನಿಂದ ಒಂದು ಸಂಸ್ಥೆಯನ್ನು ಕೊಡಲು ಸಾಧ್ಯವಾದರೆ, ಹಲವು ತಾಲ್ಲೂಕುಗಳನ್ನು ದಾಟುವ ಹಾದಿಗೂ ಸಾಧ್ಯ. ಆಯಾ ಪಂಚಾಯಿತಿಗೆ ಆಯಾ ತುಂಡನ್ನು ಬಿಟ್ಟುಕೊಟ್ಟರೆ ಸಾಕಲ್ಲವೇ ಎಂದು ಸಭೆಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಸಾಲದು. ಒಂದು ಪಂಚಾಯಿತಿ ಮೋರಿ ದುರಸ್ತಿ ಮಾಡದೆ ಬಿಟ್ಟರೆ ಪಕ್ಕದ ಐದು ಪಂಚಾಯಿತಿಗಳ ಹಾದಿಗೆ ಬಳಕೆ ಉಳಿಯುವುದಿಲ್ಲ. ಪಂಚಾಯಿತಿಗಳ ಪ್ರತಿನಿಧಿಗಳು ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೂರಲಿ, ಒಡೆತನ ಮಾತ್ರ ಒಂದೆಡೆ ಇರಲಿ.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹಾದಿಯ ಕೆಳಗೆ ನೀರಿನ ಕೊಳವೆ, ಫೈಬರ್ ಕೇಬಲ್ ಹಾಯಿಸುವವರಿಂದ ಬಾಡಿಗೆ ಪಡೆಯುವ ಅಧಿಕಾರ ಮತ್ತು ವರ್ಷವರ್ಷದ ಅನುದಾನ, ಎರಡೂ ಕಾಯ್ದೆಯಲ್ಲೇ ಇರಬೇಕು. ನ್ಯೂಜಿಲೆಂಡಿನಲ್ಲಿ 1990ರಲ್ಲಿ ಮುಚ್ಚಿದ ಒಟಾಗೋ ರೈಲು ಹಾದಿಯನ್ನು ಸರಕಾರದ ಸಂರಕ್ಷಣಾ ಇಲಾಖೆ ಇಡಿಯಾಗಿ ಕೊಂಡು, 2000ದಲ್ಲಿ ಸುಮಾರು 150 ಕಿಲೋಮೀಟರ್ ಹಾದಿ ಮಾಡಿತು. ದಾರಿಯ ಸಣ್ಣ ಊರುಗಳಲ್ಲಿ ವಸತಿಗೃಹ, ಖಾನಾವಳಿಗಳು ತಲೆಯೆತ್ತಿದವು. ಸ್ಪೇನಿನಲ್ಲಿ 1993ರಿಂದ ಇಂಥ ಹಾದಿಗಳು 3,000 ಕಿಲೋಮೀಟರ್ ಮೀರಿ ಬೆಳೆದಿವೆ.

ರೈತ ಬಾಂಧವರ ಒಂದು ಪ್ರಶ್ನೆಯನ್ನು ಬಿಡುವಂತಿಲ್ಲ. ಹಾದಿಯ ಆಚೆಗೆ ಹೊಲವಿರುವವರು ಎತ್ತು, ಟ್ರ್ಯಾಕ್ಟರು ಹೇಗೆ ದಾಟಿಸಬೇಕು? ಈ ದಾಟುದಾರಿಯ ಹಕ್ಕನ್ನು ಅಧಿಕಾರಿಯ ಅನುಮತಿಗೆ ಬಿಡದೆ, ಸ್ಥಳ ಗುರುತಿಸಿ, ಸರ್ವೆ ನಂಬರಿನ ಸಹಿತ ಕಾಯ್ದೆಯ ಅನುಸೂಚಿಯಲ್ಲಿಯೇ ನಮೂದಿಸಬೇಕು. ಅದಕ್ಕೆ ಮೊದಲು ಜಂಟಿ ಮೋಜಣಿ ನಡೆದು ಗಡಿಕಲ್ಲು ನೆಡಬೇಕು. ನಿಮ್ಮ ಊರಿನ ಸೀಮೆಯಲ್ಲಿ ಬಿಟ್ಟುಹೋದ ಒಡ್ಡು ಇದ್ದರೆ ಅದರ ಉತಾರವನ್ನು ತೆಗೆಸಿ ನೋಡಿರಿ. ಒಡೆತನದ ಕಾಲಂನಲ್ಲಿ ರೈಲ್ವೆಯ ಹೆಸರು ಇದೆಯೇ, ಖಾಲಿ ಇದೆಯೇ ಎಂದು ಗ್ರಾಮ ಸಭೆಯಲ್ಲಿ ಓದಿಸಿ ಠರಾವಿನಲ್ಲಿ ಬರೆಸಿರಿ. ಶಾಸಕರ ಬಳಿಗೆ ಹೋಗುವಾಗ ಆ ಠರಾವಿನ ಪ್ರತಿಯನ್ನು ಜೊತೆಗೆ ಒಯ್ಯಿರಿ. ನಮಸ್ಕಾರ.