ಸಿಗದ ಸೀಟನ್ನು ಮೇಲೆ ಬರೆದರೆ ನಷ್ಟವಾ? ಆಪ್ಷನ್ ಎಂಟ್ರಿ ಮತ್ತು ಗೋಳಿಬಜೆ

ನಮಸ್ಕಾರ ಮಾರಾಯ್ರೆ. ಕಳೆದ ವಾರ ಬ್ರಹ್ಮಾವರದಿಂದ ಒಬ್ಬಳು ಮೆಸೇಜ್ ಮಾಡಿದ್ದಳು. "ಅಣ್ಣಾ, ನನಗೆ ಸಿವಿಲ್ ಇಷ್ಟ. ಮೈಸೂರಿನ ಒಂದು ಕಾಲೇಜಿನ ಮೇಲೆ ಆಸೆ ಉಂಟು, ಆದರೆ ನನ್ನ ರ‍್ಯಾಂಕಿಗೆ ಸಿಗುವುದು ಡೌಟು. ಸಿಗುವ ಕಾಲೇಜನ್ನೇ ಮೇಲೆ ಹಾಕು, ಇಲ್ಲದಿದ್ದರೆ ಅದೂ ಕೈತಪ್ಪುತ್ತದೆ ಅಂತ ಮಾವ ಹೇಳುತ್ತಾರೆ. ಹೌದಾ?"

ಈ ಮಾವ ಎಲ್ಲರ ಮನೆಯಲ್ಲೂ ಇದ್ದಾರೆ. ನಮ್ಮ ಮನೆಯಲ್ಲೂ ಇದ್ದರು, ನಾನು ಅವರ ಮಾತು ಕೇಳಿದೆ, ಅದನ್ನು ಈಗ ಬಿಡಿ.

ಬೇಸಿಕ್ ಬೇಗ ಮುಗಿಸುತ್ತೇನೆ. ಇಂಜಿನಿಯರಿಂಗಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಮಾರ್ಕು ಅರ್ಧ, ಸಿಇಟಿ ಮಾರ್ಕು ಅರ್ಧ, ಎರಡೂ ಸೇರಿ ರ‍್ಯಾಂಕು. ಆಮೇಲೆ ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಜೋಡಿಸುವುದು. ಅದೇ ಆಪ್ಷನ್ ಎಂಟ್ರಿ.

[ಸ್ಕ್ರೀನ್ ಮೇಲೆ: ಒಂದು ತಟ್ಟೆ ಗೋಳಿಬಜೆ]

ಈಗ ಸಂಜೆ ನಾಲ್ಕು ಗಂಟೆ, ಉಡುಪಿ ರಥಬೀದಿಯ ಹತ್ತಿರ ಒಂದು ಹೋಟೆಲು, ಹೊರಗೆ ಮಳೆ, ಒಳಗೆ ಕ್ಯೂ. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ಕ್ಯೂ ಅಂದರೆ ರ‍್ಯಾಂಕಿನ ಸಾಲು, ಚೀಟಿ ಅಂದರೆ ನಿಮ್ಮ ಆಪ್ಷನ್ ಪಟ್ಟಿ, ತಿಂಡಿ ಅಂದರೆ ಸೀಟು. ನಿಮ್ಮ ಚೀಟಿಯಲ್ಲಿ ಮೊದಲು ಗೋಳಿಬಜೆ, ಎರಡನೆಯದು ಬನ್ಸ್, ಮೂರನೆಯದು ಅವಲಕ್ಕಿ. (ಘಟ್ಟದ ಮೇಲಿನವರೇ, ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ, ಬಾಳೆಹಣ್ಣು ಹಾಕಿ ಕರಿದದ್ದು. ಪ್ರತಿ ಸಲ ಹೇಳಬೇಕು ನಿಮಗೆ.) ಕೌಂಟರಿನವರು ಕ್ಯೂನ ಮೊದಲನೆಯವನ ಚೀಟಿಯನ್ನು ಮೇಲಿಂದ ಕೆಳಗೆ ಓದುತ್ತಾರೆ. ಇರುವುದರಲ್ಲಿ ಮೇಲಿನದ್ದನ್ನು ಕೊಟ್ಟು ಕಳಿಸುತ್ತಾರೆ. ಮುಂದಿನವನು ಬರಲಿ.

ನಿಮ್ಮ ಸರದಿ ಬರುವಾಗ ಗೋಳಿಬಜೆ ಖಾಲಿ. ಆಗ ನಿಮ್ಮನ್ನು ಹಿಂದೆ ಹೋಗಿ ನಿಲ್ಲಿ ಅನ್ನುತ್ತಾರಾ? ಇಲ್ಲ. ಅಲ್ಲೇ ಎರಡನೇ ಸಾಲು ನೋಡಿ ಬನ್ಸ್ ಕೊಡುತ್ತಾರೆ. ನಿಮ್ಮ ಹಿಂದಿನವನು ಬನ್ಸನ್ನು ಒಂದನೇ ನಂಬರಿಗೆ ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಿರಲಿ, ಅವನು ನಿಮ್ಮ ಹಿಂದೆಯೇ. ಗೋಳಿಬಜೆ ಆಸೆಪಟ್ಟದ್ದಕ್ಕೆ ನಿಮಗೆ ಒಂದು ಪೈಸೆಯ ನಷ್ಟವಿಲ್ಲ. ನಷ್ಟ ಯಾರಿಗೆ ಗೊತ್ತಾ? ಗೋಳಿಬಜೆ ಹೇಗೂ ಮುಗಿದಿರುತ್ತದೆ ಅಂತ ಬನ್ಸನ್ನು ಮೇಲೆ ಬರೆದು, ಕೌಂಟರಿಗೆ ಬಂದಾಗ ಬಾಣಲೆಯಿಂದ ಬಿಸಿ ಬಿಸಿ ಗೋಳಿಬಜೆ ಏಳುವುದನ್ನು ನೋಡಿದವನಿಗೆ. ಅವನೇ ನಾನು.

ಮೀಸಲಾತಿ ಕೆಟಗರಿ ಪ್ರಕಾರ ತಟ್ಟೆಗಳು ಬೇರೆ ಬೇರೆ ಇರುತ್ತವೆ, ಆದರೂ ಚೀಟಿ ಓದುವ ಕ್ರಮ ಇದೇ. ಅರ್ಥಶಾಸ್ತ್ರದವರು ಇದನ್ನು ಸೀರಿಯಲ್ ಡಿಕ್ಟೇಟರ್‌ಶಿಪ್ ಅನ್ನುತ್ತಾರೆ. ಸಂಜೆ ಏಳಕ್ಕೆ ಅಮ್ಮ ರಿಮೋಟ್ ಹಿಡಿದುಕೊಳ್ಳುವುದಲ್ಲ, ಅದು ಬೇರೆ ಸೀರಿಯಲ್ಲು.

ಹಾಗಾದರೆ ಮಾವ ದಡ್ಡರಾ? ಅಲ್ಲ, ಅವರ ತಲೆಯಲ್ಲಿ ಇರುವ ಹೋಟೆಲೇ ಬೇರೆ. ಆ ಹೋಟೆಲಲ್ಲಿ ಮೊದಲು ಎಲ್ಲರ ಒಂದನೇ ಸಾಲನ್ನು ಮಾತ್ರ ಓದಿ ಹಂಚುತ್ತಾರೆ, ಉಳಿದರೆ ಎರಡನೇ ಸಾಲು. ಹಾಗಿದ್ದರೆ ಮಾವ ಹೇಳಿದ್ದೇ ಸರಿ. ಅಮೆರಿಕದ ಬಾಸ್ಟನ್‌ನಲ್ಲಿ ಸರ್ಕಾರಿ ಶಾಲೆಯ ಸೀಟುಗಳನ್ನು ಹೀಗೇ ಹಂಚುತ್ತಿದ್ದರು, ಅಪ್ಪ ಅಮ್ಮಂದಿರು ಮನಸ್ಸಿನಲ್ಲಿದ್ದ ಶಾಲೆಯನ್ನು ಬಿಟ್ಟು ಸಿಗುವ ಶಾಲೆಯನ್ನೇ ಮೇಲೆ ಬರೆಯುತ್ತಿದ್ದರು, ಕೊನೆಗೆ 2005ರಲ್ಲಿ ಆ ಪದ್ಧತಿ ಬಿಟ್ಟರು. ಬದಲಿಸಲು ಸಲಹೆ ಕೊಟ್ಟವರಲ್ಲಿ ಆಲ್ವಿನ್ ರಾತ್ ಒಬ್ಬರು. ಇಂಥ ಹಂಚುವ ಲೆಕ್ಕಕ್ಕೇ 2012ರಲ್ಲಿ ಅವರಿಗೂ ಲಾಯ್ಡ್ ಶಾಪ್ಲಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಮಾವಂದಿರು ಬಾಸ್ಟನ್‌ನಲ್ಲಿ ಇದ್ದಿದ್ದರೆ ಕನ್ಸಲ್ಟೆನ್ಸಿ ಇಟ್ಟು ದುಡ್ಡು ಮಾಡುತ್ತಿದ್ದರು.

ಕ್ರಮ ನಿಜವಾಗಿ ಕಚ್ಚುವುದು ಬೇರೆ ಕಡೆ. ಸೀಟು ಬಂದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದು ಅಂದರೆ ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮೇಲಿನದ್ದೂ ನೋಡಿ. ಮೂರು, ಇದು ಬೇಡ, ಮುಂದಿನ ರೌಂಡಿಗೆ ಬರುತ್ತೇನೆ. ನಾಲ್ಕು, ನಾನು ಹೊರಟೆ. ಎರಡನ್ನು ಒತ್ತಿದವರೇ, ಇಲ್ಲಿ ಕೇಳಿ. ಮೇಲಿನದ್ದು ಸಿಕ್ಕಿತು ಅಂದರೆ ಕೈಯಲ್ಲಿದ್ದ ತಟ್ಟೆ ವಾಪಸ್. ಹಾಗಾಗಿ ಚಿಕ್ಕಪ್ಪನಿಗೆ ಬೇಜಾರಾಗಬಾರದು ಅಂತ ಸುಮ್ನೆ ಮೇಲೆ ಹಾಕಿದ ಕಂಪ್ಯೂಟರ್ ಸೈನ್ಸು ಎರಡನೇ ರೌಂಡಿನಲ್ಲಿ ಬಂದು ನಿಮ್ಮ ಸಿವಿಲ್ಲನ್ನು ಎತ್ತಿಕೊಂಡು ಹೋಗಬಹುದು. ಬೇಡದ್ದನ್ನು ಮೇಲೆ ಬರೆಯಬೇಡಿ.

[ಟೈಮರ್ ನೋಡುತ್ತಾ] ಅಯ್ಯೋ, ಎಡಿಟರ್ ಕೈ ಬೀಸುತ್ತಿದ್ದಾರೆ. ಉಳಿದದ್ದು ಒಟ್ಟಿಗೆ.

ಚೀಟಿ ಬರೆಯುವ ಮೊದಲು ಮೆನು ನೋಡಿದ್ದೀರಾ? ಇಲ್ಲಿ ಹೋಟೆಲುಗಳೂ ಬೇರೆ ಬೇರೆ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ಅನ್ನುವ ದೇಶಮಟ್ಟದ ಪರೀಕ್ಷೆ, ಆ ಸೀಟು ಕೆಇಎ ಪಟ್ಟಿಯಲ್ಲಿ ಹುಡುಕಿದರೆ ಸಿಗದು. ಮಣಿಪಾಲದ ಎಂಐಟಿಗೆ ಅವರದ್ದೇ ಪರೀಕ್ಷೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಮಾತ್ರ ಸಿಇಟಿಯಿಂದಲೇ ಹೋಗಬಹುದು, ಬಯಾಲಜಿ ಬೇಕು, ರ‍್ಯಾಂಕ್ ಪಟ್ಟಿಯೂ ಬೇರೆ. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಮಲ್ಪೆಯಲ್ಲಿ ಬೋಟು ನೋಡಿಕೊಂಡೇ ಬೆಳೆದ ಮಕ್ಕಳ ಚೀಟಿಯಲ್ಲೂ ಇದು ಇರುವುದಿಲ್ಲ, ನನಗೆ ಅದೇ ಬೇಸರ.

ಕಾಮರ್ಸಿನವರೇ, ಬಿಕಾಂಗೆ ಸೈನ್ಸ್ ಓದಿದವರೂ ಬರುತ್ತಾರೆ, ನೀವು ಇಂಜಿನಿಯರಿಂಗಿಗೆ ಹೋಗಲು ಆಗದು. ಆದರೆ ಸಿಎ ಫೌಂಡೇಶನ್, ಲಾ ಓದಲು ಬರೆಯುವ ಕ್ಲಾಟ್ ಎರಡನ್ನೂ ಪಿಯುಸಿಯಲ್ಲಿ ಏನು ಓದಿದ್ದರೂ ಬರೆಯಬಹುದು, ಆರ್ಟ್ಸ್ ಆದರೂ. ಎಂಬಿಎಗೂ ಯಾವ ಡಿಗ್ರಿಯಾದರೂ ನಡೆಯುತ್ತದೆ. ಡಾಕ್ಟರ್ ಓದಿದ ಟಿ.ಎಂ.ಎ. ಪೈ 1925ರಲ್ಲಿ ಉಡುಪಿಯಲ್ಲಿ ಬ್ಯಾಂಕು ಶುರು ಮಾಡಿದವರಲ್ಲಿ ಒಬ್ಬರು, ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆಮೇಲೆ ಮಣಿಪಾಲದಲ್ಲಿ ಅವರೇ 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದರು. ಇವರದ್ದು ಯಾವ ಸ್ಟ್ರೀಮು ಹೇಳಿ ನೋಡುವ?

ಆರ್ಟ್ಸ್ ಬಗ್ಗೆ ಹತ್ತು ಸೆಕೆಂಡಿನಲ್ಲಿ ಹೇಳಿದರೆ ಅದು ಅವಮಾನ, ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ.

ಬ್ರಹ್ಮಾವರದ ತಂಗೀ, ಮೈಸೂರು ಸಿವಿಲ್ ಒಂದನೇ ನಂಬರಿಗೆ ಇರಲಿ. ಮಾವನಿಗೆ ಗೋಳಿಬಜೆಯ ಭಾಗ ಮಾತ್ರ ತೋರಿಸು, ಬಾಸ್ಟನ್ ಜೋಕು ಬಂದಾಗ ಸೌಂಡ್ ಸ್ವಲ್ಪ ಕಮ್ಮಿ ಮಾಡು.